ಬೆಳಿಗ್ಗೆ ಅಳೆದ ಕಂಬಿ

ಎಂಬತ್ತರ ದಶಕದ ನಡುವಿನ ವರ್ಷಗಳಲ್ಲಿ ನಾನು ಕೊಯಮತ್ತೂರಿನ ಗಣಪತಿ ಎಂಬ ಬಡಾವಣೆಯಲ್ಲಿ ಒಬ್ಬ ಮಾಲೀಕರ ಲಾರಿ ಓಡಿಸುತ್ತಿದ್ದೆ. ಓದಿದ್ದು ಮೂರನೇ ಕ್ಲಾಸು. ಸುತ್ತಲಿನ ವರ್ಕ್‌ಶಾಪುಗಳ ಪಂಪು, ಮೋಟಾರುಗಳನ್ನು ಊರೂರಿಗೆ ಮುಟ್ಟಿಸುವುದು ನನ್ನ ಕೆಲಸ. ಆಗಾಗ ಬಾಯ್ಲರ್ ಬರುತ್ತಿತ್ತು, ಅಂದರೆ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗೆ ಬೇಕಾದ ಆವಿ ಕಾಯಿಸುವ ದೊಡ್ಡ ಕಬ್ಬಿಣದ ಹಂಡೆ. ಲಾರಿಯ ಮೇಲೆ ಕೂರಿಸಿದರೆ ನೆಲದಿಂದ ಹದಿನೈದು ಅಡಿ. ಅಂಥ ಲೋಡಿಗೆ ಕೆಳಗಿನ ರಸ್ತೆ ಚೆನ್ನಾಗಿದ್ದರೆ ಸಾಲದು, ಮೇಲಿನ ಕರೆಂಟು ಕಂಬಿಯನ್ನೂ ನೋಡಿಕೊಳ್ಳಬೇಕು.

ಅದಕ್ಕೆ ನನ್ನದೇ ಒಂದು ಕ್ರಮವಿತ್ತು. ಹಿಂದಿನ ದಿನ ಬೆಳಗಾಗುವ ಹೊತ್ತಿಗೆ ಸೈಕಲ್ಲಿಗೆ ಎರಡು ಒಣ ಬಿದಿರು ಕಟ್ಟಿಕೊಂಡು ಹೊರಡುತ್ತಿದ್ದೆ. ಎರಡನ್ನೂ ಸೇರಿಸಿ ಬಿಗಿದರೆ ಹದಿನೆಂಟು ಅಡಿ. ಬಾಯ್ಲರಿಗೆ ಹದಿನೈದು, ಅದರ ಮೇಲೆ ಕುಳಿತ ಮನುಷ್ಯನಿಗೆ ಮೂರು. ಪ್ರತಿ ಕಂಬಿಯ ಕೆಳಗೂ ನಿಲ್ಲಿಸಿ ನೋಡಿ ಒಂದು ರಟ್ಟಿನ ಮೇಲೆ ಗುರುತು ಹಾಕುವುದು. ಬಿದಿರಿನ ತುದಿಗಿಂತ ಕಂಬಿ ಒಂದು ಮೊಳ ಮೇಲಿದ್ದರೆ ಒಂದು ಗೀಟು, ಮೇಲಿನವನು ಕುಳಿತೇ ಇರಬಹುದು. ಅದಕ್ಕಿಂತ ಕೆಳಗಿದ್ದರೆ ಎರಡು ಗೀಟು, ಆಗ ನಾನು ಹಾರನ್ ಹೊಡೆದರೆ ಅವನು ಮಲಗಬೇಕು. ಬಾಯ್ಲರಿಗೇ ತಾಗುವಂತಿದ್ದರೆ ಅಡ್ಡ ಗೀಟು, ಲಾರಿ ನಿಲ್ಲಿಸಿ ಲೈನ್‌ಮ್ಯಾನನ್ನು ಕರೆಸಿ ಕರೆಂಟು ತೆಗೆಸಬೇಕು.

ಮೇಲೆ ಕೂರುತ್ತಿದ್ದವನು ನನ್ನ ಹೆಂಡತಿಯ ತಮ್ಮ ರಂಗಸಾಮಿ. ಅಡ್ಡ ಬಂದ ಕೊಂಬೆ ಸರಿಸುವುದು, ಹಗ್ಗ ಸಡಿಲವಾದರೆ ತಗಡು ಬಡಿದು ತಿಳಿಸುವುದು ಅವನ ಪಾಲು. ಅವನಿಗೆ ಮದುವೆಯಾಗಿ ಆರು ತಿಂಗಳಾಗಿತ್ತು.

"ಏನ್ ಬಾವಾ, ತೆಂಗಿನಕಾಯಿ ಕೀಳಕ್ಕೆ ಹೊಂಟ್ರಾ?" ಎಂದು ನನ್ನ ಬಿದಿರು ನೋಡಿ ನಗುತ್ತಿದ್ದ.

"ನಿನ್ನ ಬುರುಡೆ ಉಳಿಸಕ್ಕೆ ಕಣೋ" ಎನ್ನುತ್ತಿದ್ದೆ.

ಆ ಸಲ ಬಾಯ್ಲರ್ ತಿರುಪ್ಪೂರಿಗೆ. ನೇರ ದಾರಿಯಲ್ಲಿ ಒಂದು ಸೇತುವೆ ರಿಪೇರಿ ನಡೆದಿತ್ತು, ಹಾಗಾಗಿ ಅನ್ನೂರು ಸುತ್ತಿ ಅವಿನಾಶಿ ಮೇಲೆ ಹೋಗಬೇಕಿತ್ತು. ಮೂವತ್ತೊಂದು ಕಂಬಿ ಎಣಿಸಿ ಗುರುತು ಹಾಕಿಕೊಂಡು ಬಂದೆ. ಮರುದಿನ ಬೆಳಿಗ್ಗೆ ಆರಕ್ಕೆ ಹೊರಡಬೇಕಿತ್ತು, ಕ್ರೇನ್ ಬಂದದ್ದು ಹನ್ನೊಂದಕ್ಕೆ.

"ಬಿಸಿಲಾಯ್ತು, ನಾಳೆ ಹೋಗಪ್ಪಾ" ಎಂದರು ಮಾಲೀಕರು.

"ಅಳತೆ ಕೈಲದೆ ಮೊದಲಾಳಿ, ಹೊತ್ತು ಮುಳುಗೋದರೊಳಗೆ ಇಳಿಸಿಬಿಡ್ತೀನಿ" ಎಂದೆ. ಆ ಮಾತು ನನ್ನದು, ಅವರದಲ್ಲ.

ಚಿತ್ರೆ ತಿಂಗಳ ನಡುಬೇಸಿಗೆಯ ಬಿಸಿಲು. ಅನ್ನೂರು ದಾಟಿ ಹೊಲಗಳ ನಡುವೆ ಹತ್ತೊಂಬತ್ತನೇ ಕಂಬಿ ಬಂತು. ರಟ್ಟಿನಲ್ಲಿ ಒಂದು ಗೀಟು. ಕ್ಯಾಬಿನ್ನಿನಿಂದ ಮೇಲಿನದು ಕಾಣುವುದಿಲ್ಲ, ಗೀಟು ನಂಬಿ ಬಿಟ್ಟೆ. ಹಾರನ್ ಕೇಳದ್ದರಿಂದ ರಂಗಸಾಮಿಯೂ ಹಿಂದಕ್ಕೆ ತಿರುಗಿ ಹಗ್ಗ ನೋಡುತ್ತ ಕುಳಿತಿದ್ದ.

ಬದುವಿನ ಮೇಲೆ ಹುಲ್ಲು ಕೊಯ್ಯುತ್ತಿದ್ದ ಒಬ್ಬ ಮುದುಕಿ ಕುಡುಗೋಲು ಬಿಸುಟು ರಸ್ತೆಗೆ ಓಡಿ ಬಂದಳು. "ನಿಪ್ಪಾಟ್ಟು! ಡ್ರೈವರಣ್ಣಾ, ನಿಪ್ಪಾಟ್ಟು!" ನಿಲ್ಲಿಸು ಎಂದು ತಮಿಳಿನಲ್ಲಿ ಕೂಗುತ್ತಿದ್ದಳು. ಬ್ರೇಕು ತುಳಿದೆ. ಇಳಿದು ಮೇಲೆ ನೋಡಿದರೆ ಕಂಬಿ ರಂಗಸಾಮಿಯ ಕುತ್ತಿಗೆಯ ಹಿಂದೆ ಒಂದು ಗೇಣಿನಲ್ಲಿತ್ತು. ಏನಾಯಿತೆಂದು ಅವನು ತಿರುಗುವುದರಲ್ಲಿದ್ದ.

"ತಿರುಗಬ್ಯಾಡ್ವೋ! ಹಂಗೇ ಮುಂದಕ್ಕೆ ಬಗ್ಗಿ ಮಲಗು!"

ಏಕೆ ಎಂದು ಕೇಳದೆ ಮಲಗಿದ. ಕೇಳಿದ್ದರೆ ಏನಾಗುತ್ತಿತ್ತೋ. ಲಾರಿಯನ್ನು ಹಿಂದಕ್ಕೆ ತೆಗೆದು ಇಳಿದು ಬಂದೆ.

"ನಮ್ಮ ಮಾತೇ ಆಡ್ತೀರಲ್ಲಪ್ಪಾ! ಕಣ್ಣು ಎಲ್ಲಿ ಇಕ್ಕಿದ್ದೆ ನೀನು?" ಎಂದಳು ಮುದುಕಿ, ನನ್ನ ಕೂಗು ಕೇಳಿ ತಾನೂ ಕನ್ನಡದಲ್ಲಿ; ಆ ಕಡೆ ಮನೆಯಲ್ಲಿ ಕನ್ನಡ ಆಡುವವರು ಬಹಳ.

"ನಿನ್ನೆ ಅಳೆದಿದ್ದೆನಮ್ಮಾ. ಒಂದು ಮೊಳ ಮೇಲಿತ್ತು."

"ಎಷ್ಟೊತ್ತಿಗೆ?"

"ಬೆಳಿಗ್ಗೆ ಎಂಟಕ್ಕೆ."

"ಸರಿಹೋಯ್ತು. ಆಗ ತಂಪು, ಮೋಟ್ರೂ ಓಡ್ತಿರಲಿಲ್ಲ. ಈಗ ಕರೆಂಟು ಬಿಟ್ಟವ್ರೆ, ಇಷ್ಟು ಬಾವಿ ಮೋಟ್ರೂ ಒಟ್ಟಿಗೇ ಓಡ್ತಾವೆ. ಕಂಬಿ ಕಾದು ಜೋತು ಬೀಳ್ತದೆ. ನಮ್ಮ ಮಕ್ಕಳಿಗೆಲ್ಲಾ ಗೊತ್ತು ಇದು!"

ನನಗೆ ಗೊತ್ತಿರಲಿಲ್ಲ. ಮುಂದಿನ ಹನ್ನೆರಡು ಗುರುತುಗಳನ್ನು ನಂಬುವ ಧೈರ್ಯವಾಗಲಿಲ್ಲ. ಅಲ್ಲೇ ಬೇವಿನ ಮರದ ಕೆಳಗೆ ಉಳಿದು ಮರುದಿನ ತಂಪಿನಲ್ಲಿ ಹೊರಟೆವು. ಕ್ರೇನ್ ತಡವಾಯಿತು ಎಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಮನೆಗೆ ಬಂದು ಹೆಂಡತಿಗೆ ಇದ್ದದ್ದು ಇದ್ದಂತೆ ಹೇಳಿದೆ. "ಇನ್ನು ಅವನನ್ನ ಮೇಲೆ ಕೂರಿಸಬ್ಯಾಡಿ" ಎಂದಳು. ಯಾರನ್ನೂ ಕೂರಿಸಲಿಲ್ಲ. ಲಾರಿ ಯಾವ ಹೊತ್ತಿಗೆ ಹೋಗುತ್ತದೋ ಅದೇ ಹೊತ್ತಿಗೆ ಅಳೆದು, ಗೀಟಿನ ಪಕ್ಕದಲ್ಲಿ ಗಂಟೆಯನ್ನೂ ಬರೆದುಕೊಂಡೆ. ರಂಗಸಾಮಿ ಪ್ರತಿ ಕಂಬಿಯ ಹತ್ತಿರ ಕ್ಯಾಬಿನ್ನಿನಿಂದ ಇಳಿದು ಮುಂದೆ ನಡೆದು ನೋಡಿ ಕೈ ಬೀಸಿದ ಮೇಲೇ ನಾನು ಲಾರಿ ಬಿಡುತ್ತಿದ್ದದ್ದು.

ಮರುವರ್ಷ ಅವನಿಗೆ ಮಗಳು ಹುಟ್ಟಿದಳು, ಬೆಳೆದು ನಮ್ಮ ಮನೆಗೇ ಸೊಸೆಯಾಗಿ ಬಂದಳು. ಅವಳ ಮಗಳು ಗೌರಿ, ನಮ್ಮ ಬಂಗಾರ, ಈಗ ಒಂದು ಲಾರಿ ಕಂಪನಿಗೆ ಸೇರಿದ್ದಾಳೆ. ಕೆಲಸ ಏನು ಗೊತ್ತೇ? ದೊಡ್ಡ ಲೋಡುಗಳಿಗೆ ದಾರಿ ಗೊತ್ತುಮಾಡುವುದು! ಹಾಲಿನವನಿಗೆ ಹೇಳಿದೆ, ಗಾಂಧಿಪುರಂ ಬಸ್ಸಿನಲ್ಲಿ ಪಕ್ಕ ಕುಳಿತವರಿಗೆ ಹೇಳಿದೆ, ಇನ್ನೂ ಹೇಳಿ ಮುಗಿದಿಲ್ಲ. ಕಂಪ್ಯೂಟರಿನಲ್ಲಿ ನೀಲಿ ಗೆರೆ ಎಳೆದು ತೋರಿಸಿದಳು. ಕಣ್ಣು ತುಂಬಿ ನನಗೆ ಗೆರೆ ಸರಿಯಾಗಿ ಕಾಣಲಿಲ್ಲ.

ನನ್ನ ಕೆಲಸ ನನಗೆ ಕಲಿಸಿದ್ದು ಒಂದೇ, ಅದನ್ನೇ ಅವಳಿಗೂ ಹೇಳಿದೆ. "ಗೆರೆ ಎಳೆಯೋದು ನೀನು ತಾಯೀ, ಅದನ್ನ ನಂಬಿ ಹೋಗೋದು ಬೇರೆಯವರ ಜೀವ. ಒಂದು ಸಲವಾದ್ರೂ ಲಾರಿ ಹೋಗೋ ಹೊತ್ತಿಗೆ ಆ ದಾರೀಲಿ ನಿಂತು ನೋಡು."

"ನಾಳೆ ಮಧ್ಯಾಹ್ನ ಮದುಕ್ಕರೈ ಕಡೆ ಒಂದು ಲೋಡಿದೆ. ಇವತ್ತು ಅದೇ ಹೊತ್ತಿಗೆ ಹೋಗಿ ನೋಡ್ತೀನಿ ತಾತಾ" ಎಂದಳು. "ನೀವೂ ಬನ್ನಿ."