ಕನ್ನಡಕ ಹಾಕಿದ ಮೇಲೂ ಬ್ಯಾಂಡಿನವನೇ

"ಬ್ಯಾಂಡಿನವ ಬಂದಾನ ನೋಡ್ರಿ! ಯಾರ ಮದುವಿನೋ ಯಪ್ಪಾ?"

ದೇವದುರ್ಗದ ಉಚಿತ ಕಣ್ಣಿನ ಶಿಬಿರದಲ್ಲಿ, ಸಾಲಿನ ಮೊದಲಿಗೆ ಕುಳಿತಿದ್ದ ಅಜ್ಜಿ ನನ್ನ ಕೋಟು ನೋಡಿ ಹೀಗೆ ಕೇಳಿಬಿಟ್ಟಳು. ಶಿಬಿರ ನಡೆಸುತ್ತಿದ್ದ ನಮ್ಮ ಸೇವಾ ಕ್ಲಬ್ಬಿನವರೆಲ್ಲ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.

ನಿಜ ಹೇಳಿಬಿಡುತ್ತೇನೆ, ನಾನು ಕ್ಲಬ್ ಸೇರಿದ್ದೇ ಆ ಕೋಟು ಹಾಕಿಕೊಳ್ಳುವ ಆಸೆಗೆ. ನನ್ನ ಮದುವೆಯ ಆರತಕ್ಷತೆಗೆ ಹೊಲಿಸಿದ ಮರೂನ್ ಕೋಟು, ಬಂಗಾರದ ಬಣ್ಣದ ಗುಂಡಿಗಳು. ರಾಯಚೂರಿನ ಬಿಸಿಲಿನಲ್ಲಿ ಅದನ್ನು ಮತ್ತೆ ಹಾಕಿಕೊಳ್ಳಲು ಬೇರೆ ನೆಪವೇ ಸಿಕ್ಕಿರಲಿಲ್ಲ.

ಪಾಪ, ಕಣ್ಣು ಮಂಜು ಎಂದು ಸಮಾಧಾನ ಮಾಡಿಕೊಂಡೆ. ಅಜ್ಜಿಯ ಸರದಿ ಬಂದಾಗ ನಾನೇ ಕೈಯಾರೆ ಹೊಸ ಕನ್ನಡಕ ತೊಡಿಸಿದೆ. ಅವಳು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ನೋಡಿ, "ಈಗ ನಿಚ್ಚಳ ಕಾಣಾಕತ್ತದ ನೋಡಪ್ಪಾ. ನೀ ಬ್ಯಾಂಡಿನವನ ಅದಿ" ಎಂದು ತೀರ್ಪು ಕೊಟ್ಟಳು.

ಮುಂದೆ ಮಾನ್ವಿಯ ಶಿಬಿರಕ್ಕೆ ಅರ್ಧ ತೋಳಿನ ಅಂಗಿಯಲ್ಲಿ ಹೋದೆ. ಅಲ್ಲಿ ಕನ್ನಡಕ ಹಾಕಿಸಿಕೊಂಡ ಅಜ್ಜನೊಬ್ಬ ನನ್ನತ್ತ ತಿರುಗಿಯೂ ನೋಡಲಿಲ್ಲ. ಪಕ್ಕದಲ್ಲಿದ್ದ ಹೆಂಡತಿಯ ಮುಖವನ್ನೇ ನೋಡುತ್ತ ಕುಳಿತುಬಿಟ್ಟ. ಆಗ ಮಾತ್ರ ನನಗೆ ನಿಜವಾಗಿಯೂ ಬ್ಯಾಂಡ್ ಬಾರಿಸಬೇಕು ಅನ್ನಿಸಿತು.