ಬೀರಮ್ಮ ಎಣಿಸಿದ್ದು

ಕೂಟಗಲ್ಲಿನ ಬೀರಮ್ಮನಿಗೆ ಅರವತ್ತು ದಾಟಿದೆ. ಬುದ್ಧಿ ಬಂದಾಗಿನಿಂದ ಕುರಿ ಕಾದವಳು, ಒಂದು ದಿನವೂ ಕುರಿ ಎಣಿಸಿದವಳಲ್ಲ. ಎಣಿಸಿದರೆ ಮಂದೆ ಕರಗುತ್ತದೆ ಎಂಬುದು ಅತ್ತೆ ಕಲಿಸಿದ ಪಾಠ. ಒಂದು ಕಮ್ಮಿಯಾದರೂ ಕಣ್ಣಲ್ಲೇ ತಿಳಿಯುತ್ತದೆ, ‘ಕರಿಮೂತಿ ಎಲ್ಲೋದ್ಲು?’ ಎಂದು ಹುಡುಕಲು ಹೊರಡುತ್ತಾಳೆ. ಕಟ್ಟಿಕೊಂಡ ಗಂಡ ಪುಟ್ಟಲಿಂಗಯ್ಯನೂ ಎಷ್ಟಿವೆ ಎಂದು ಕೇಳುವ ಹಾಗಿಲ್ಲ.

ಅಂಥವಳ ಎದುರಿಗೆ, ಒಂದು ಭಾನುವಾರ ಬೆಳಗ್ಗೆ, ಕಣ್ವ ಹೊಳೆಯ ದಂಡೆಯಲ್ಲಿ ಟೋಪಿ ಹಾಕಿದ ಹೆಣ್ಣುಮಗಳೊಬ್ಬಳು ನಿಧಾನಕ್ಕೆ ನಡೆದು ಬಂದಳು. ಕತ್ತಿನಲ್ಲಿ ದುರ್ಬೀನು, ಕಂಕುಳಲ್ಲಿ ಪುಸ್ತಕ. ನಾಲ್ಕು ಹೆಜ್ಜೆ ಇಡುವುದು, ನಿಲ್ಲುವುದು, ದುರ್ಬೀನು ಏರಿಸುವುದು. ಮಂದೆಯ ಕಡೆ ತಿರುಗಿದಾಗ ಅವಳ ಕೈಯಲ್ಲೇನೋ ಟಿಕ್, ಟಿಕ್ ಎಂದಿತು.

ಅಯ್ಯಯ್ಯೋ, ಎಣಿಸ್ತಾವ್ಳೆ! ಬೀರಮ್ಮ ಮಂದೆಗೆ ಅಡ್ಡ ಬಂದು ನಿಂತಳು.

ತವರಿನಲ್ಲೂ ಸರ್ವೆಯವರು ಹೀಗೇ ಬಂದಿದ್ದರಲ್ಲ, ಪುಸ್ತಕ ಹಿಡಿದು, ನಗುನಗುತ್ತಾ. ಮರ ಎಣಿಸಿದರು, ಬಾವಿ ಎಣಿಸಿದರು, ಅಪ್ಪನ ಕುರಿ ಎಣಿಸಿದರು. ವರ್ಷದೊಳಗೆ ಗೋಮಾಳಕ್ಕೆ ತಂತಿಬೇಲಿ ಬಿತ್ತು. ಅಪ್ಪ ಮಂದೆಯನ್ನೆಲ್ಲ ಮಾರಿ ಅದೇ ಬೇಲಿಯ ಗೇಟಿನಲ್ಲಿ ವಾಚ್‌ಮನ್ ಆದ. ಈಗ ಬೀರಮ್ಮನಿಗೆ ಉಳಿದಿರುವುದು ಈ ದಂಡೆಯೊಂದೇ. ಇದೂ ಹೋದರೆ ಕುರಿ ಮೇಯಿಸಲು ಅಂಗೈಯಗಲ ಜಾಗವಿಲ್ಲ.

“ಯಾರವ್ವ ನೀನು? ಏನ್ ನೋಡ್ತಿದ್ದೀಯ?”

“ಭಾನುಪ್ರಿಯ ಅಂತ ಅಜ್ಜಿ, ಚನ್ನಪಟ್ಣದಲ್ಲಿ ಟೀಚರ್ರು. ಹಕ್ಕಿ ನೋಡೋಕೆ ಬಂದೆ.”

ಹಕ್ಕಿಯಂತೆ ಹಕ್ಕಿ! ರಜಾ ದಿನ ನಿದ್ದೆಗೆಟ್ಟು ಕಾಗೆ ಗುಬ್ಬಿ ನೋಡಲು ಬಸ್ಸು ಹತ್ತುವವರುಂಟೇ? “ಕೈಯಾಗೇನದು?” ಎಂದು ಗದರಿದಳು. ಭಾನುಪ್ರಿಯ ಬೆಚ್ಚಿ ಮುಷ್ಟಿ ಮುಚ್ಚಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

ಅಲ್ಲಿಂದಾಚೆಗೆ ಬೀರಮ್ಮ ಅವಳ ಬೆನ್ನು ಬಿಡಲಿಲ್ಲ. ಹಕ್ಕಿಯೇ ಇಲ್ಲದ ಮೇಲೆ ಇವಳಿಗೆ ನಿಲ್ಲಲು ನೆಪವಾದರೂ ಎಲ್ಲಿರುತ್ತದೆ? ಬೆಳ್ಳಕ್ಕಿಗಳು ಕಂಡಲ್ಲಿ ಬೇಕೆಂದೇ ಕುರಿಗಳನ್ನು ನೀರಿಗೆ ನುಗ್ಗಿಸಿದಳು. ಮಿಂಚುಳ್ಳಿ ಕೂತ ಕೊಂಬೆಗೆ ಕೋಲು ಬೀಸಿದಳು. ಎಲ್ಲ ಪುರ್ರೆಂದು ಹಾರಿಹೋದವು. “ಇಲ್ಲಿ ಯಾವ ಹಕ್ಕೀನೂ ಇಲ್ಲ ಕಣವ್ವ, ಸುಮ್ನೆ ಮನೆಗೋಗು” ಎಂದಳು.

ಹೊಳೆ ತಿರುಗುವಲ್ಲಿ ಭಾನುಪ್ರಿಯ ಬಂಡೆಯ ಮೇಲೆ ಕುಸಿದು ಕೂತಳು. “ಆರೇ ಹಕ್ಕಿ ಸಿಕ್ಕಿದ್ದು ಅಜ್ಜಿ” ಎಂದು ಮುಷ್ಟಿ ಬಿಚ್ಚಿ ಟಿಕ್ಕೆನ್ನುವ ಪುಟ್ಟ ಡಬ್ಬಿ ತೋರಿಸಿದಳು. “ಈ ದಂಡೆ ಪಾಳು ಬಿದ್ದೈತೆ, ನಮ್ಗೆ ಕೊಡಿ, ಕಾಂಪೌಂಡ್ ಹಾಕ್ಕೊತೀವಿ ಅಂತ ಯಾರೋ ತಾಲ್ಲೂಕಾಫೀಸಿಗೆ ಅರ್ಜಿ ಕೊಟ್ಟವ್ರೆ. ಇಲ್ಲಿ ಹಕ್ಕಿ ಗೂಡು ಮಾಡ್ತವೆ ಅಂತ ತೋರ್ಸಿದ್ರೆ ತಡೀಬೋದೇನೋ ಅಂತ ಬಂದೆ. ನಾಳೆನೇ ಪಟ್ಟಿ ಕೊಡ್ಬೇಕು.”

“ನನ್ ಕುರಿ ಎಣಿಸ್ಲಿಲ್ವಾ?”

“ಕುರಿ ಬೆನ್ ಮೇಲೆ ಕಾಜಾಣ ಕೂತಿದ್ವಲ್ಲ, ಅವನ್ನ.”

ಬೀರಮ್ಮ ಸಂತೆಯಲ್ಲಿ ಕುರಿಯ ಹಲ್ಲು ನೋಡುವವಳಂತೆ ಆ ಮುಖವನ್ನು ಬಹಳ ಹೊತ್ತು ನೋಡಿದಳು. ನಿಜವೋ, ಇದೂ ಒಂದು ಕಥೆಯೋ? ನಿಜವೇ ಆದರೆ, ಬೇಲಿಗೆ ಗುಣಿ ತೋಡಿಕೊಟ್ಟವಳು ತಾನೇ ಅಲ್ಲವೇ!

“ನನ್ ಬುದ್ಧಿಗೊಸಿ ಬೆಂಕಿ ಹಾಕ. ಏಳವ್ವ, ಬಾ” ಎಂದು ಮುಂದೆ ನಡೆದಳು.

ಮೂರು ವಾರದಿಂದ ಅವಳು ಮಂದೆ ತುಳಿಯದಂತೆ ಬಳಸಿಕೊಂಡು ಹೋಗುತ್ತಿದ್ದ ಒಂದು ನೊರಜುಗಲ್ಲಿನ ಜಾಗವಿತ್ತು. ಯಾರಿಗೂ ಹೇಳಿರಲಿಲ್ಲ. ಹತ್ತಿರ ಹೋಗುತ್ತಿದ್ದಂತೆ ಟಿಟ್ಟಿಭ ಹಕ್ಕಿಯ ಜೋಡಿ ತಲೆಯ ಮೇಲೆ ಕಿರುಚಿಕೊಂಡು ಹಾರಾಡಿತು.

“ಕುರಿ ಲೆಕ್ಕ ಬರೆಯಾಕಿಲ್ಲ ತಾನೆ?”

“ನಮ್ಮವ್ವನಾಣೆ ಇಲ್ಲ ಅಜ್ಜಿ.”

ಬೀರಮ್ಮ ಕುಕ್ಕರಗಾಲಲ್ಲಿ ಕೂತಳು. ಕಲ್ಲಿನ ಬಣ್ಣದ ಮೊಟ್ಟೆಗಳ ಕಡೆ ಬೆರಳು ಚಾಚಿದಳು. ಜೀವವಿರುವುದನ್ನು ಅವಳು ಬಾಯಿಬಿಟ್ಟು ಎಣಿಸುತ್ತಿರುವುದು ಇದೇ ಮೊದಲು. ಕಣದಲ್ಲಿ ರಾಗಿ ಅಳೆಯುವಾಗ ಮೊದಲ ಸೇರಿಗೆ ಒಂದೆನ್ನದೆ ಹೇಳುವ ಮಾತಿನಿಂದಲೇ ಶುರುಮಾಡಿದಳು.

“ಲಾಭ... ಎರಡು... ಮೂರು... ನಾಕು.”

ಭಾನುಪ್ರಿಯ ಬರೆದುಕೊಂಡಳು.

“ಎಲ್ಲಿ, ಬರ್ದಿದ್ದ ಓದವ್ವ ಒಂದ್ಸಲ” ಎಂದಳು ಬೀರಮ್ಮ.