ಮುಂದೆ ಮಾಡಿದ ಬಾಗಿಲು

ಕಳೆದ ವಾರ ಮಧುಗಿರಿ ಬಸ್ ನಿಲ್ದಾಣದ ಎದುರಿಗಿರುವ ಮೊಬೈಲ್ ರಿಪೇರಿ ಅಂಗಡಿಯೊಂದರಲ್ಲಿ ಕುಳಿತಿದ್ದೆ. ಅಂಗಡಿಯಾತ ಕಾದ ಸಾಲ್ಡರಿಂಗ್ ಕಡ್ಡಿಯನ್ನು ರಾಳದ ಡಬ್ಬಿಗೆ ಒತ್ತಿದ. ಚುರ್ ಎಂಬ ಸದ್ದಿನೊಡನೆ ಎಳೆ ಹೊಗೆಯೊಂದು ಎದ್ದು ನನ್ನ ಮುಖಕ್ಕೆ ಬಡಿಯಿತು. ಮರದ ಅಂಟು ಸುಟ್ಟ ಆ ಕಟುವಾದ, ಕೊಂಚ ಸಿಹಿಯೂ ಆದ ವಾಸನೆ... ನಲವತ್ತು ವರ್ಷಗಳಿಂದ ನಾನು ಮನಸ್ಸಿನ ಹೊರಗೆ ನಿಲ್ಲಿಸಿದ್ದ ಒಬ್ಬರು ಆ ಹೊಗೆಯ ಹಿಂದೆ ಬಂದು ಕುಳಿತರು.

ನಾವೆಲ್ಲ ಅವರನ್ನು ರೇಡಿಯೋ ಮೇಷ್ಟ್ರು ಎನ್ನುತ್ತಿದ್ದೆವು. ಪ್ರೌಢಶಾಲೆಯ ಪ್ರಯೋಗಾಲಯದಲ್ಲಿ ಸಹಾಯಕರಾಗಿದ್ದ ಅವರು ಆ ಕೆಲಸ ಬಿಟ್ಟು ಪೇಟೆಬೀದಿಯಲ್ಲಿ ರೇಡಿಯೋ ರಿಪೇರಿಗೆ ಕುಳಿತಿದ್ದರು. ಒಂದು ದಿನವೂ ಪಾಠ ಮಾಡಿದವರಲ್ಲ. ಆದರೂ ಮೇಷ್ಟ್ರು ಎಂಬ ಹೆಸರು ಅವರಿಗೆ ಅಂಟಿಕೊಂಡಿತು. ಅದು ಎಪ್ಪತ್ತರ ದಶಕದ ನಡುಗಾಲ. ನಾನು ತುಮಕೂರಿನಲ್ಲಿ ಬಿ.ಎ. ಮುಗಿಸಿ, ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಫಲಕಗಳನ್ನು ಹೊತ್ತುಕೊಂಡು ಊರಿಗೆ ಮರಳಿದ್ದೆ. ಜಾತಿ ಹೋಗಬೇಕು, ಮೂಢನಂಬಿಕೆ ಹೋಗಬೇಕು, ಮನೆಮನೆಗೆ ಅಕ್ಷರ ಬರಬೇಕು ಎಂದು ಸಿಕ್ಕ ಜಗಲಿಯ ಮೇಲೆಲ್ಲ ಮಾತನಾಡುತ್ತಿದ್ದೆ. ಅವರ ಅಂಗಡಿಯ ಮುಂದೆ ಹಾದುಹೋದರೆ, ಬಿಚ್ಚಿದ ರೇಡಿಯೋದಿಂದ ತಲೆಯೆತ್ತದೆಯೇ ಕೇಳುತ್ತಿದ್ದರು: “ಏನಪ್ಪ ಭಾಷಣಕಾರ, ಇವತ್ತು ಯಾವ ಸ್ಟೇಷನ್ನು?”

ಅವರ ಕಾರ್ಖಾನೆ ಹುಟ್ಟಿದ್ದು ಒಂದು ಕುರಿಮರಿಯಿಂದ. ನಿಡುಗಲ್ ಕಡೆಯ ಕುರಿಗಾಹಿಯೊಬ್ಬ ಟ್ರಾನ್ಸಿಸ್ಟರ್ ರಿಪೇರಿಗೆ ತಂದವನು ತನ್ನ ಸಂಕಟ ಹೇಳಿಕೊಂಡ. “ನಾನು ಗುಡ್ಲಾಗೆ ಹಾಡು ಕೇಳ್ತಾ ಕುಂತಿದ್ದೆ ಸಾಮಿ, ತೋಳ ರೊಪ್ಪಕ್ಕೆ ನುಗ್ಗಿ ಮರಿ ಎತ್ಕೊಂಡೋಯ್ತು. ಹಾಡು ನಂಗೆ, ಊಟ ಅದ್ಕೆ!” ಮೇಷ್ಟ್ರು ನಗಲಿಲ್ಲ. ಕೆಲವು ದಿನಗಳಲ್ಲಿ ಎರಡು ಡಬ್ಬಿಗಳನ್ನು ಮಾಡಿಕೊಟ್ಟರು. ಕುರಿ ಕೂಡುವ ರೊಪ್ಪದ ಸುತ್ತ ಕಟ್ಟಿದ ದಾರವನ್ನು ಯಾವ ಪ್ರಾಣಿಯಾದರೂ ಎಳೆದರೆ ಅಲ್ಲಿದ್ದ ಡಬ್ಬಿ ಎಚ್ಚರಗೊಳ್ಳುತ್ತಿತ್ತು. ನಡುವೆ ತಂತಿಯಿಲ್ಲದೆಯೇ ಗುಡಿಸಲಿನ ಡಬ್ಬಿ ಕಿರುಚುತ್ತಿತ್ತು. ಕುರಿಗಾಹಿ ಅದನ್ನು ಕೈಯಲ್ಲಿ ತೂಗಿ ನೋಡಿದ. “ನಮ್ ನಾಯೀನೂ ಅರಚ್ತದೆ ಕಣ್ ಸಾಮಿ, ಅದ್ಕೆ ಬ್ಯಾಟ್ರಿ ಬ್ಯಾಡ.” “ನಿನ್ನ ನಾಯಿ ನಿದ್ದೆ ಮಾಡ್ತದಪ್ಪ, ಇದು ಮಾಡಲ್ಲ,” ಎಂದರು ಮೇಷ್ಟ್ರು.

ಕುರಿಗಾಹಿಗಳಿಂದ ಸುದ್ದಿ ಸಂತೆಗೆ, ಸಂತೆಯಿಂದ ಅಂಗಡಿಗಳಿಗೆ ಹಬ್ಬಿತು. ಪಾವಗಡದ ಕಡಲೆಕಾಯಿ ಗೋದಾಮುಗಳಿಗೆ ಕಳ್ಳ ಬಂದರೆ ಕಿರುಚುವ ಇಂಥದೇ ಗಂಟೆ ಬೇಕಾಯಿತು. ಶಿರಾದ ಜವಳಿ ವ್ಯಾಪಾರಿಯೊಬ್ಬರು ತಮ್ಮ ಅಂಗಡಿಗೆ ಹಾಕಿಸಿಕೊಂಡು, “ಚೌಕೀದಾರನಿಗೆ ಚಾಯ್ ಬೇಕು, ನಿಮ್ಮ ಡಬ್ಬಕ್ಕೆ ಅದೂ ಬೇಡ, ಬಹುತ್ ಅಚ್ಛಾ ಮೇಷ್ಟ್ರೇ!” ಎಂದು ಬಂದವರಿಗೆಲ್ಲ ತೋರಿಸಿದರು. ಅಂಗಡಿ ಸಾಲದೆ ಹಿಂದಿನ ಹಳೆಯ ಮಂಡಿಯನ್ನು ಬಾಡಿಗೆಗೆ ಹಿಡಿದರು. ಅದೂ ಸಾಲದೆ ಕೊರಟಗೆರೆ ರಸ್ತೆಯಲ್ಲಿ ಉದ್ದನೆಯ ಶೆಡ್ಡು ಎದ್ದಿತು. ಕೂದಲಿನಂಥ ತಾಮ್ರದ ತಂತಿಯನ್ನು ಸುತ್ತಿ ಕಾಯಿಲ್ ಮಾಡಲು, ಬೆಸುಗೆ ಹಾಕಲು, ಸುತ್ತಲಿನ ಹಳ್ಳಿಗಳಿಂದ ಹೆಂಗಸರು ಬಂದರು.

ಆ ಶೆಡ್ಡಿನ ಬೆಂಚನ್ನು ನಾನು ಮರೆಯಲಾರೆ. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಒಂದೇ ಹಲಗೆ. ಹೊಲಗೇರಿಯವರು, ಕುರುಬರ ಹಟ್ಟಿಯವರು, ಪೇಟೆಯ ಒಕ್ಕಲ ಮನೆಯವರು ಆ ಒಂದೇ ಹಲಗೆಗೆ ಮೊಣಕೈ ಊರಿ ಕೂರುತ್ತಿದ್ದರು. ಕೆಲಸ ಕೈಯಿಂದ ಕೈಗೆ ಸಾಗಬೇಕಾಗಿದ್ದರಿಂದ ಬೇರೆ ಕೂರಲು ದಾರಿಯೇ ಇರಲಿಲ್ಲ. ಮೊದಲು ಗೊಣಗಾಟ ಕೇಳಿಸಿತು. ಕ್ರಮೇಣ ಒಂದೇ ಗಡಿಗೆಯ ನೀರು, ಆಮೇಲೆ ಒಬ್ಬರ ಬುತ್ತಿಯ ಉಪ್ಪಿನಕಾಯಿ ಇನ್ನೊಬ್ಬರಿಗೆ. ನನ್ನ ಎಷ್ಟೋ ಭಾಷಣಗಳು ಮಾಡಲಾಗದ್ದನ್ನು ಒಂದು ಹಲಗೆ ಮಾಡಿತ್ತು. ಹೊಸ ಸಮಾಜ ಹೀಗೆಯೇ ಬರುತ್ತದೆ, ಸದ್ದಿಲ್ಲದೆ, ರಾಳದ ಹೊಗೆಯ ನಡುವೆ ಬರುತ್ತದೆ ಎಂದು ನಾನು ನಂಬಿದೆ. ಆ ಹಲಗೆ ಉಳಿಯಬೇಕೆಂಬುದಕ್ಕಿಂತ ದೊಡ್ಡ ಆಸೆ ಆ ದಿನಗಳಲ್ಲಿ ನನಗೆ ಬೇರೆ ಇರಲಿಲ್ಲ.

ಬೆಂಚಿನ ಹಿರಿಯಳು ಹೊಲಗೇರಿಯ ಒಬ್ಬ ವಿಧವೆ. ಕಾಯಿಲ್ ಸುತ್ತುವುದರಲ್ಲಿ ಎತ್ತಿದ ಕೈಯಾದ್ದರಿಂದ ಎಲ್ಲರೂ ಅವಳನ್ನು ಕಾಯಿಲಕ್ಕ ಎನ್ನುತ್ತಿದ್ದರು. ಹೊಸಬರು ಅನುಕಂಪದಿಂದ ಏನು ಕಾಯಿಲೆ ಎಂದು ಕೇಳಿದರೆ, “ತಂತಿ ಕಾಯ್ಲೆ ಕಣಮ್ಮ, ಅಂಟ್ಕೊಂಡ್ರೆ ಬುಡಾಕಿಲ್ಲ,” ಎಂದು ನಗುತ್ತಿದ್ದಳು. ನಾನು ನಡೆಸುತ್ತಿದ್ದ ವಯಸ್ಕರ ಪಾಠಶಾಲೆಯಲ್ಲಿ ಅಕ್ಷರ ಕಲಿತವಳು. ಡಬ್ಬಿಗಳ ಮೇಲೆ ಸಣ್ಣ ಕುಂಚದಿಂದ ಹೆಸರು ಬರೆಯುವ ಕೆಲಸವೂ ಅವಳದೇ ಆಯಿತು.

ಎಂಬತ್ತರ ದಶಕದ ಆರಂಭದಲ್ಲಿ ಮೇಷ್ಟ್ರು ಹೊಸದೊಂದನ್ನು ಮಾಡಿದರು: ಅಂಗೈಯಗಲದ ಡಬ್ಬಿಯ ಗುಂಡಿ ಒತ್ತಿದರೆ ಕಾರ್ ಶೆಡ್ಡಿನ ಬಾಗಿಲು ಮೋಟಾರಿನಿಂದ ತಾನೇ ಮೇಲೇರುವ, ಇಳಿಯುವ ಯಂತ್ರ. ಅದಕ್ಕೆ ಎರಡು ಗುಂಡಿಗಳು. ಒಂದರ ಮೇಲೆ ‘ತೆರೆ’ ಎಂದಿರಲಿ, ಇನ್ನೊಂದರ ಮೇಲೆ ‘ಮುಚ್ಚು’ ಎಂದಿರಲಿ ಎಂದೆ ನಾನು.

“ಬಿಡ್ತು ಅನ್ನು!” ಎಂದು ಮೇಷ್ಟ್ರು ಕೈಯಲ್ಲಿದ್ದ ಕಡ್ಡಿಯನ್ನು ಕೆಳಗಿಟ್ಟರು. “ಯಾರಾದರೂ ಮನೆಬಾಗಿಲು ಮುಚ್ಚು ಅಂತಾರೇನಪ್ಪ? ಮುಂದೆ ಮಾಡು ಅಂತಾರೆ.”

ನಮ್ಮ ಸೀಮೆಯಲ್ಲಿ ಹಾಗೆಯೇ. ದೀಪವನ್ನು ಆರಿಸುವುದಿಲ್ಲ, ದೊಡ್ಡದು ಮಾಡುತ್ತೇವೆ. ಬಾಗಿಲನ್ನು ಮುಚ್ಚುವುದಿಲ್ಲ, ಮುಂದೆ ಮಾಡುತ್ತೇವೆ. ಅಪಶಕುನದ ಮಾತು ಬಾಯಿಂದ ಜಾರಿದರೆ ‘ಬಿಡ್ತು’ ಎನ್ನಬೇಕು. ಅಂದರೆ ಅದರ ದೋಷ ಬಿಟ್ಟುಹೋಯಿತು ಎಂದು. ಮೂಢನಂಬಿಕೆಯ ವಿರುದ್ಧ ನಾನು ಕಟ್ಟಿದ ವಾದವೆಲ್ಲ ಅಂದು ಬೆಂಚಿನ ಹೆಂಗಸರ ನಗುವಿನಲ್ಲಿ ಕೊಚ್ಚಿಹೋಯಿತು. ಕೊನೆಗೆ ನಾನೂ ನಗುತ್ತ ಬಿಡ್ತು ಎಂದೆ. ಮೇಷ್ಟ್ರ ಅಪ್ಪಣೆಯಂತೆ ಕಾಯಿಲಕ್ಕ ಒಂದು ಗುಂಡಿಯ ಮೇಲೆ ‘ತೆರೆ’ ಎಂದೂ ಇನ್ನೊಂದರ ಮೇಲೆ ‘ಮುಂದೆ’ ಎಂದೂ ಬರೆದಳು. ಮುಚ್ಚುವ ಯಂತ್ರವನ್ನೇ ಮಾರುತ್ತಿದ್ದ ಮನುಷ್ಯ ಮುಚ್ಚು ಎಂಬ ಪದಕ್ಕೆ ಅಂಜುವುದರಲ್ಲಿ ಏನೋ ಮಾರ್ದವ ಇದೆ ಎಂದು ನನಗೆ ಅಂದು ತೋರಿತ್ತು.

ಕಾರ್ ಶೆಡ್ಡು ನಮ್ಮ ತಾಲ್ಲೂಕುಗಳಲ್ಲಿ ಎಷ್ಟು ಜನಕ್ಕಿತ್ತು? ಬೇಡಿಕೆ ಬಂದದ್ದು ಬೆಂಗಳೂರಿನಿಂದ. ಬೇಡಿಕೆಯ ಬೆನ್ನಿಗೇ ಅಲ್ಲಿಯ ಉದ್ಯಮಿಯೊಬ್ಬರು ಪಾಲುದಾರರಾಗಿ ಬಂದರು. ಅವರ ಮನೆಗೇ ಮೊದಲ ಬಾಗಿಲನ್ನು ಅಳವಡಿಸಿದಾಗ ನಡೆದದ್ದನ್ನು ಮೇಷ್ಟ್ರ ಜೊತೆ ಹೋಗಿದ್ದ ಫಿಟ್ಟರ್ ಊರಿಗೆಲ್ಲ ಹೇಳಿದ. ಡ್ರೈವರ್ ಕಾರನ್ನು ತೆರೆದಿದ್ದ ಬಾಗಿಲಿನ ಹೊಸ್ತಿಲಿಗೆ ತಂದು ನಿಲ್ಲಿಸಿ ಡಬ್ಬಿ ನೋಡಿದ. ‘ಮುಂದೆ’ ಎಂದಿತ್ತು. ಮುಂದೆ ಹೋಗಲು ಹೇಳುತ್ತಿದೆ ಎಂದುಕೊಂಡು ಗುಂಡಿ ಒತ್ತಿ, ಗಾಡಿಯನ್ನೂ ಮುಂದಕ್ಕೆ ಬಿಟ್ಟ. ಬಾಗಿಲು ನೇರ ಕಾರಿನ ತಲೆಯ ಮೇಲೆ ಇಳಿಯಿತು.

ಮರುದಿನ ಪಾಲುದಾರರು ಮಧುಗಿರಿಗೇ ಬಂದರು. ನಾನು ಆಗ ಶೆಡ್ಡಿನಲ್ಲಿದ್ದೆ. ಇದನ್ನು ಬರೆದವರು ಯಾರು ಎಂದು ಅವರು ಕೇಳಿದರು. ಬೆಂಚಿನ ಮೇಲೆ ಕೈಗಳೆಲ್ಲ ನಿಂತವು. ಮೇಷ್ಟ್ರು ಕನ್ನಡಕ ಒರೆಸಿಕೊಂಡರು. “ಹೆಣ್ಣಾಳುಗಳು ಸಾರ್. ಅರೆಬರೆ ಓದು. ನಾನು ಗಮನಿಸಲಿಲ್ಲ,” ಎಂದರು.

ಕಾಯಿಲಕ್ಕ ಅವರನ್ನು ನೋಡಿದಳು. ಪಾಲುದಾರರ ಕಾರು ಹೊರಟ ಮೇಲೆ ಕುಂಚವನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತ, “ಅರೆಬರೆ ತುಂಬಿದ ಕೊಡದಂಗೆ ಕಲ್ಸಿದ್ದೀಯ ಕಣಪ್ಪ, ಪೂರಾ ತುಂಬ್ಸಬಾರ್ದಿತ್ತಾ?” ಎಂದು ನನ್ನನ್ನು ಛೇಡಿಸಿದಳು. ಅವಳ ನಗೆ ಕಣ್ಣಿನವರೆಗೆ ಏರಲಿಲ್ಲ...

ಅಂದಿನಿಂದ ಗುಂಡಿಗಳ ಮೇಲೆ ಇಂಗ್ಲಿಷ್ ಬಂತು. ಅಕ್ಷರಗಳು ಬೆಂಗಳೂರಿನಲ್ಲಿ ಅಚ್ಚಾಗಿ ಬರುತ್ತಿದ್ದವು. ಕುಂಚಕ್ಕೆ ಕೆಲಸ ಉಳಿಯಲಿಲ್ಲ. ಈಗ ‘ಕ್ಲೋಸ್’ ಎಂದು ಬರೆಯಬಹುದೋ ಎಂದು ನಾನು ಮೇಷ್ಟ್ರನ್ನು ಕೇಳಿದೆ. “ಇಂಗ್ಲಿಷಿಗೆ ಅಪಶಕುನ ತಟ್ಟಲ್ಲಪ್ಪ,” ಎಂದರು. ಕುರಿ ರೊಪ್ಪದ ಗಂಟೆಯನ್ನು ಮಾಡುವುದು ನಿಂತಿತು. ಕೆಟ್ಟ ಡಬ್ಬಿ ಹಿಡಿದು ಬಂದ ನಿಡುಗಲ್ಲಿನ ಕುರಿಗಾಹಿಯನ್ನು ಹೊಸ ಕಾವಲುಗಾರ ಗೇಟಿನಲ್ಲೇ ತಡೆದ. ಆ ಗೇಟೂ ಈಗ ಗುಂಡಿಯಿಂದ ಆಡುತ್ತಿತ್ತು. ಬೆಳವಣಿಗೆ ಎಂದರೆ ಇದೇ ಎಂದು ಊರು ಹೆಮ್ಮೆಪಟ್ಟಿತು.

ಮುಂದಿನ ಯುಗಾದಿ ಕಳೆದು ಹೆಂಗಸರು ಕೆಲಸಕ್ಕೆ ಬಂದಾಗ ಗೇಟು ಮೇಲೇಳಲಿಲ್ಲ. ಮೇಷ್ಟ್ರು ಒಳಗಿನಿಂದ ಸಣ್ಣ ಬಾಗಿಲಿಗೆ ಬಂದು ನಿಂತರು. ಕಾಯಿಲಕ್ಕ ಕೇಳಿದಳು, “ಮುಚ್ಬುಟ್ರಾ ಮೇಷ್ಟ್ರೇ?” ಆ ಪದ ಅವಳ ಬಾಯಿಂದ ಬಂದದ್ದಕ್ಕೆ ಪಕ್ಕದವಳು ಅವಳ ತೋಳು ಚಿವುಟಿದಳು.

“ಬಿಡ್ತು ಅನ್ನಮ್ಮ! ಮುಚ್ಚೋದುಂಟೇ? ಬಾಗಿಲು ಮುಂದೆ ಮಾಡಿದೀವಿ ಅಷ್ಟೆ. ಹೇಳಿಕಳಿಸ್ತೀನಿ, ಆಗ ಬನ್ನಿ.”

ಹೆಂಗಸರು ನಂಬಿದರು. ಮುಂದೆ ಮಾಡಿದ ಬಾಗಿಲಿಗೆ ಅಗುಳಿಯಿರುವುದಿಲ್ಲ, ಬೆಳಗಾದರೆ ಅದು ತೆರೆಯುತ್ತದೆ ಎಂಬುದು ಅವರು ಹುಟ್ಟಿದಂದಿನಿಂದ ಕಂಡ ಸತ್ಯ. ರಸ್ತೆಯಾಚೆಯ ಹೊಂಗೆಮರದ ಕೆಳಗೆ ದಿನವೂ ಬುತ್ತಿಯೊಡನೆ ಬಂದು ಕುಳಿತರು. ಬೇರೆ ಕೂಲಿಗೆ ಕರೆದವರಿಗೆ, ನಮ್ಮ ಕೆಲಸ ಇದೆ, ಬಾಗಿಲು ಮುಂದೆ ಮಾಡಿದ್ದಾರೆ ಅಷ್ಟೆ ಎಂದರು. ಕಾರ್ಮಿಕ ಇಲಾಖೆಗೆ ದೂರು ಕೊಡೋಣವೆಂದು ನಾನು ವಾದಿಸಿದೆ. ಮರದ ಕೆಳಗೆ ನಿಂತು, ನನ್ನ ಜೀವನದ ಅತ್ಯಂತ ಸ್ಪಷ್ಟವಾದ ಭಾಷಣ ಮಾಡಿದೆ: ಕಾರ್ಖಾನೆ ಮುಚ್ಚಿದೆ, ಅವರು ನಿಮಗೆ ಪದ ಕೊಟ್ಟು ಕೆಲಸ ಕಿತ್ತುಕೊಂಡಿದ್ದಾರೆ.

“ಬುಡ್ತು ಅನ್ನಪ್ಪ,” ಎಂದಳು ಕಾಯಿಲಕ್ಕ ಗಾಬರಿಯಿಂದ. ಉಳಿದವರೂ ದನಿಗೂಡಿಸಿದರು. “ಅನ್ನ ಕೊಟ್ಟ ಬಾಗ್ಲಿಗೆ ಅಂಗನ್ಬಾರ್ದು ಕಣಪ್ಪ. ಬುಡ್ತು ಅನ್ನು.”

ಅವರ ಮುಖಗಳನ್ನು ನೋಡಿದೆ. ಬಿಡ್ತು ಎಂದೆ.

ಅವರು ಮುಂಭಾಗದಲ್ಲಿ ಕಾಯುತ್ತಿದ್ದಾಗಲೇ ಹಿಂಭಾಗದ ಗೋಡೆ ಒಡೆದು ಯಂತ್ರಗಳು ಲಾರಿಗೇರಿದ್ದವು. ಬೆಂಗಳೂರಿನ ಬಡಾವಣೆಯಲ್ಲಿ ದೊಡ್ಡ ಕಟ್ಟಡ ಸಿದ್ಧವಾಗಿತ್ತು. ವಿಷಯ ತಿಳಿದು ನಾನು ಮೇಷ್ಟ್ರನ್ನು ಅವರ ಮನೆಯಲ್ಲಿ ಹಿಡಿದೆ. ಸಾಮಾನು ಕಟ್ಟುತ್ತಿದ್ದರು. ಆ ಹೆಂಗಸರಿಗೆ ಸುಳ್ಳು ಏಕೆ ಹೇಳಿದಿರಿ ಎಂದೆ.

“ಸುಳ್ಳು ಎಲ್ಲಪ್ಪ? ಬಾಗಿಲು ಮುಂದೆ ಹೋಗಿದೆ, ಬೆಂಗಳೂರಿಗೆ. ನೀನು ಚರ್ಚಾಸ್ಪರ್ಧೆಯವನು, ನಿನಗೆ ಯಾವಾಗಲೂ ಒಂದು ಎದುರುಪಕ್ಷ ಬೇಕು.” ಹಗ್ಗದ ಗಂಟು ಬಿಗಿಯುತ್ತ ಹೇಳಿದರು: “ಆ ಪದ ನನ್ನ ಬಾಯಲ್ಲಿ ಬರಲಿಲ್ಲ. ಅವರ ಮುಖ ನೋಡಿ ಬರಲಿಲ್ಲ ಕಣಯ್ಯ.”

ಅದು ನಿಜವೇ ಇದ್ದಿರಬಹುದು. ನಿಜವಿದ್ದರೆ ನನ್ನ ಕಹಿ ಇನ್ನೂ ಹೆಚ್ಚುತ್ತದೆ. ದುಷ್ಟನ ಸುಳ್ಳಿಗೆ ಉತ್ತರ ಕೊಡುವುದನ್ನು ನನಗೆ ಕಾಲೇಜು ಕಲಿಸಿತ್ತು. ಅಳುಕುವ ಮನುಷ್ಯನ ಸಿಹಿಮಾತು ಅಷ್ಟೊಂದು ಮನೆಗಳ ಒಲೆ ಆರಿಸಿದರೆ ಅದಕ್ಕೆ ಕೊಡಬೇಕಾದ ಉತ್ತರವನ್ನು ಯಾರೂ ಕಲಿಸಿರಲಿಲ್ಲ.

ಹೆಂಗಸರು ಚದುರಿದರು. ಕಾಯಿಲಕ್ಕನೂ ಇನ್ನು ಕೆಲವರೂ ಕೊರಟಗೆರೆಯ ಮಂಡಿಗಳಲ್ಲಿ ಹುಣಸೆಹಣ್ಣು ಬಿಡಿಸಲು ಹೋದರು. ಗೊರವನಹಳ್ಳಿಗೆ ಹೋಗುವ ಬಸ್ಸಿನಿಂದ ಇಳಿದು ಒಮ್ಮೆ ಅಲ್ಲಿಗೆ ಹೋದೆ. ಅಲ್ಲಿ ಒಂದೇ ಹಲಗೆಯಿರಲಿಲ್ಲ. ಒಕ್ಕಲ ಮನೆಯವರು ಒಳಗಿನ ಜಗಲಿಯ ಮೇಲೆ, ಹೊಲಗೇರಿಯವರು ಅಂಗಳದ ಬಿಸಿಲಿನಲ್ಲಿ. ನೀರಿನ ಗಡಿಗೆಯೂ ಎರಡು. ಒಂದು ಕಾಲದಲ್ಲಿ ಉಪ್ಪಿನಕಾಯಿ ಹಂಚಿಕೊಂಡವರೇ ಆಚೆ ಈಚೆ ಕುಳಿತಿದ್ದರು. ಕಾಯಿಲಕ್ಕ ಹುಳಿ ಹತ್ತಿದ ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡು, “ಕಾಯ್ಲೆ ವಾಸಿ ಆಯ್ತು ಕಣಪ್ಪ,” ಎಂದಳು. ಆಮೇಲೆ ಅವಳನ್ನು ನಾನು ನೋಡಲಿಲ್ಲ... ಮೇಷ್ಟ್ರ ಕಾರ್ಖಾನೆ ಬೆಳೆಯುತ್ತ ಹೋಯಿತು. ಅವರು ತೀರಿಕೊಂಡ ಸುದ್ದಿ ಬಹಳ ತಡವಾಗಿ ನನ್ನನ್ನು ತಲುಪಿತು. ನಾನು ಹೋಗಲಿಲ್ಲ.

ಮೊಬೈಲ್ ಅಂಗಡಿಯಾತ ಕೆಲಸ ಮುಗಿಸಲಾಗದೆ ಕಡ್ಡಿಯ ಸ್ವಿಚ್ಚು ಆರಿಸಿದ. ಹೊಗೆ ಕರಗಿತು. “ಸಾರ್, ಬಾಗ್ಲು ಮುಂದೆ ಮಾಡ್ತೀನಿ, ನಾಳೆ ಬಂದ್ಬುಡಿ.”

“ಮುಚ್ಚುತ್ತೇನೆ ಅನ್ನಪ್ಪ,” ಎಂದೆ. ದನಿ ಬಯಸಿದ್ದಕ್ಕಿಂತ ಗಟ್ಟಿಯಾಗಿತ್ತು.

ಆತ ಷಟರಿಗೆ ಕೈಹಚ್ಚಿದವನು ಬೆಚ್ಚಿ ತಿರುಗಿದ. “ಅಯ್ಯೋ, ಅಂಗಡಿ ಮುಂದೆ ಅದೇನ್ ಮಾತು ಸಾರ್? ಬುಡ್ತು ಅನ್ನಿ.”

ಆತ ಕಾಯುತ್ತಿದ್ದ. ಒಂದು ಪದ ಹೇಳಿದ್ದರೆ ಅವನ ಮನಸ್ಸಿಗೆ ನೆಮ್ಮದಿಯಾಗುತ್ತಿತ್ತು. ನನ್ನ ಮೂಗಿನಲ್ಲಿ ರಾಳದ ವಾಸನೆ ಹಾಗೆಯೇ ಉಳಿದಿತ್ತು. ಬಿಡದೇ ಇರುವುದನ್ನು ಬಿಡ್ತು ಎನ್ನಲು ನನ್ನ ನಾಲಿಗೆ ಏಳಲಿಲ್ಲ.